ಹಾಜರಿಯಲ್ಲಿ ಅವಳ ದನಿ

ಆರನೆಯ ತರಗತಿಯಲ್ಲಿದ್ದಾಗ ನಾನು ಒಬ್ಬ ಹುಡುಗಿಯ ಬದಲು ಹನ್ನೊಂದು ದಿನ ಹಾಜರಿ ಹೇಳಿದೆ. ಅವಳ ದನಿಯಲ್ಲೇ ಹೇಳಿದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದು ಹಗುರಾದೀತು ಅಂದುಕೊಂಡಿದ್ದೆ. ಬರೆದು ನೋಡಿದರೆ ಹಾಗೇನೂ ಆಗಿಲ್ಲ.

ಹಿರೇಕೆರೂರಿನ ಬಸ್ಸಿನ ಕಂಡಕ್ಟರು, ನಮ್ಮ ಹೆಡ್‌ಮಾಸ್ತರು, ಕೆಮ್ಮುವ ಎಮ್ಮೆ, ಯಾರೂ ಆಗ ನನ್ನ ಬಾಯಿಂದ ಪಾರಾಗುತ್ತಿರಲಿಲ್ಲ. ದನಿ ಅಣಕಿಸುವ ಈ ಚಟ ಹತ್ತಿಸಿದವಳು ಅವ್ವ. ಮಾಸೂರಿನಾಚೆಯ ನಮ್ಮೂರಲ್ಲಿ ಸಂಜೆ ಅವಳು ರೊಟ್ಟಿ ಬಡಿಯುತ್ತ ಕೂತರೆ, ನಾನು ಎದುರಿಗೆ ನಿಂತು ಆ ದಿನದ ಶಾಲೆಯನ್ನೆಲ್ಲ ಆಡಿ ತೋರಿಸಬೇಕು. ಅವ್ವ ಶಾಲೆಗೆ ಹೋದವಳಲ್ಲ. ನಾನು ನಮ್ಮ ತರಗತಿಯ ಸರ್ ಅವರ ದನಿ ತೆಗೆದು ಗ್ರಹಣ ಹೇಗೆ ಹಿಡಿಯುತ್ತದೆಂದು ಹೇಳತೊಡಗಿದರೆ ಹಿಟ್ಟಿನ ಕೈ ನಿಲ್ಲಿಸಿ, "ಮುಂದ ಏನ್ ಅಂದ್ರೋ?" ಎನ್ನುತ್ತಿದ್ದಳು. ಮುಂದಿನದು ನನಗೆ ಗೊತ್ತಿರದಿದ್ದರೆ ಆಟ ಅಲ್ಲಿಗೇ ಬಿತ್ತು. ಅದಕ್ಕೇ ಮರುದಿನ ತರಗತಿಯಲ್ಲಿ ಕಿವಿ ಅಗಲಿಸಿ ಕೂಡುತ್ತಿದ್ದೆ. ನಾನು ಕಲಿತದ್ದೆಲ್ಲ ಅವ್ವನ ಆ ಪ್ರಶ್ನೆಗೆ ಹೆದರಿ. ಊರವರು ಜಾಣ ಎಂದುಕೊಂಡರು. ನಾನೂ ಬೇಡ ಅನ್ನಲಿಲ್ಲ.

ಅಸಲು ಜಾಣೆ ಆ ಹುಡುಗಿ. ಕೊನೆಯ ಸಾಲಿನ ಕಿಟಕಿಯ ಪಕ್ಕ ಕೂಡುತ್ತಿದ್ದಳು. ಸರ್ ಲೆಕ್ಕವನ್ನು ಹಲಗೆಯ ಮೇಲೆ ಬರೆದು ಮುಗಿಸುವುದರೊಳಗೆ ಅವಳ ಉತ್ತರ ಸಿದ್ಧ. ದನಿ ಮಾತ್ರ ನೂಲಿನೆಳೆಯಷ್ಟು ಸಣ್ಣದು. ನಾನು ಅದನ್ನು ಅಣಕಿಸಿದರೆ ತಿರುಗಿ, "ದನಿ ಕದ್ದಿ, ಹಂಗ ತಲಿನೂ ಕದಿಯೋ ಮಂಗ್ಯಾ," ಎನ್ನುತ್ತಿದ್ದಳು.

ಒಂದು ಮಂಗಳವಾರ ಅವಳು ಬರಲಿಲ್ಲ. ಬೀಜದ ಹತ್ತಿಯ ಹೊಲಕ್ಕೆ ಹೋಗಿದ್ದಳು. ಒಂದು ಗಿಡದ ಹೂವಿನ ಪುಡಿಯನ್ನು ಇನ್ನೊಂದು ಗಿಡದ ಹೂವಿಗೆ ಮುಟ್ಟಿಸುವ ಕೆಲಸ. ಅದಕ್ಕೆ ಸಣ್ಣ ಬೆರಳು ಬೇಕು. ನಮ್ಮಲ್ಲಿ ಆರು, ಏಳು ಎರಡೂ ತರಗತಿ ಒಂದೇ ಕೋಣೆಯಲ್ಲಿ. ಸರ್ ಕಣ್ಣಿಗೆ ಎರಡನೆಯ ಸಾಲಿನಾಚೆ ಎಲ್ಲ ಮಂಜು. ಅವರು ಪುಸ್ತಕದೊಳಗೆ ಮುಖವಿಟ್ಟು ಅವಳ ಹೆಸರು ಕೂಗಿದರು. ನನ್ನ ಬಾಯಿ ನನ್ನನ್ನು ಕೇಳಲಿಲ್ಲ.

"ಹಾಜರ್ರೀ ಸರ!"

ಸರ್ ಗೆರೆ ಎಳೆದರು. ಹುಡುಗರೆಲ್ಲ ಅಂಗಿಯ ತೋಳು ಕಚ್ಚಿಕೊಂಡು ನಕ್ಕರು.

ಮರುದಿನವೂ ಹೇಳಿದೆ. ಒಂದು ವಾರ ಬಾರದ ಮಕ್ಕಳ ಮನೆಗೆ ಸರ್ ತಾವೇ ಹೋಗಿ ಕರೆತರುತ್ತಿದ್ದರು. ಅದು ನನಗೆ ಗೊತ್ತಿತ್ತು. ಆದರೂ ಅವಳ ಹಾಜರಿ ಉಳಿಸುತ್ತಿದ್ದೇನೆ, ಉಪಕಾರ ಮಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಪಾಠದ ನಡುವೆ ಸರ್ ಆ ಕಿಟಕಿಯತ್ತ ಮುಖ ಮಾಡಿ "ತಿಳೀತೇನವಾ?" ಎಂದರೆ, "ತಿಳೀತ್ರೀ ಸರ" ಎಂದವನೂ ನಾನೇ. ಮನೆಯಲ್ಲಿ ಅವ್ವ, "ಆ ಹುಡುಗಿ ಇವತ್ತ ಏನಂದ್ಲು?" ಎಂದು ಕೇಳಿದರೆ ಏನಾದರೂ ಹುಟ್ಟಿಸಿ ಹೇಳುತ್ತಿದ್ದೆ. ಶಾಲೆಯಲ್ಲಿಲ್ಲದ ಹುಡುಗಿ ನಮ್ಮ ಒಲೆಯ ಮುಂದೆ ದಿನಾ ಮಾತಾಡಿದಳು. ಅವ್ವ ನಕ್ಕಳು.

ಹನ್ನೆರಡನೆಯ ದಿನ ಸರ್, "ಬಾರವಾ, ಈ ಲೆಕ್ಕ ಬಿಡಸು," ಎಂದು ಅವಳನ್ನು ಹಲಗೆಗೆ ಕರೆದರು.

"ಬಂದೆರೀ," ಎಂದಿತು ನನ್ನ ಬಾಯಿ.

ಯಾರೂ ಏಳಲಿಲ್ಲ. ಸರ್ ಕನ್ನಡಕ ತೆಗೆದರು. ಈ ಸಲ ಯಾರೂ ನಗಲೂ ಇಲ್ಲ.

ಆ ಸಂಜೆಯೇ ಅವರು ಅವಳ ಮನೆಗೆ ಹೋಗಿಬಂದರು. ಮರುದಿನ ನನ್ನನ್ನು ನಿಲ್ಲಿಸಿ ಹೇಳಿದ್ದು ಇಷ್ಟೇ: "ಮೊದಲನೇ ವಾರ ನೀವು ಬಂದಿದ್ರ ಕಳಸ್ತಿದ್ವಿ ಅಂದ್ರು ಅವರ ಮನಿಯವರು. ಮೊನ್ನಿ ಹಾನಗಲ್ ಕಡೆ ಸೋದರತ್ತಿ ಮನಿಗೆ ಕಳಿಸ್ಯಾರ. ಅಲ್ಲೂ ಹತ್ತಿ ಹೊಲಾನ."

ಹೊಡೆದಿದ್ದರೆ ಮರೆಯುತ್ತಿದ್ದೆನೋ ಏನೋ. ಅವರು ಹೊಡೆಯಲಿಲ್ಲ. ವರ್ಷ ಮುಗಿಯುವತನಕ ಅವಳ ಹೆಸರಿನ ಮೇಲೆ ಕಾಟು ಎಳೆಯಲೂ ಇಲ್ಲ. ದಿನಾ ಆ ಹೆಸರು ಕೂಗಿ, ಪೆನ್ನು ಎತ್ತಿ ಹಿಡಿದು ಸುಮ್ಮನೆ ಕಾಯುತ್ತಿದ್ದರು. ಆ ಹೊತ್ತಿನಲ್ಲಿ ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಮರುವರ್ಷ ನನ್ನ ದನಿ ಒಡೆಯಿತು. ಇಂದಿಗೂ ಹುಲಗೂರಿನ ಬಸ್ಸು ಹತ್ತಿದರೆ ಕಂಡಕ್ಟರು ಎರಡು ಕೂಗು ಕೂಗಿದರೆ ಅವನದೇ ದನಿಯಲ್ಲಿ ನಾನೂ ಎರಡು ಕೂಗುತ್ತೇನೆ. ಎಲ್ಲರ ದನಿಯೂ ಬರುತ್ತದೆ, ಅವಳದೊಂದು ಬರುವುದಿಲ್ಲ. ಅದು ಈಗ ನನ್ನ ಬಾಯಿಂದಲ್ಲ, ಹೊರಗಿನಿಂದ ಕೇಳುತ್ತದೆ. ದುಂಡಸಿಯ ಹತ್ತಿರದ ಒಂದು ಶಾಲೆಯಲ್ಲಿ ನಾನು ಅತಿಥಿ ಶಿಕ್ಷಕ. ಹಾಜರಿ ಕರೆಯುವಾಗ ಯಾವುದೋ ಹೆಸರಿಗೆ ಉತ್ತರ ಬಾರದೆ ಹೋದರೆ, ಆ ಸಂದಿನಲ್ಲಿ, ಹಿಂದಿನ ಸಾಲಿನಿಂದ, ನೂಲಿನಂಥ ದನಿ: "ಹಾಜರ್ರೀ ಸರ." ಮೊದಲ ಸಲ ಎದ್ದುಹೋಗಿ ಕಿಟಕಿಯಾಚೆ ಇಣುಕಿದ್ದೆ. ಈಗ ಮಕ್ಕಳು ನಾನು ಇಣುಕುವುದನ್ನು ಅಣಕಿಸುತ್ತಾರೆ. ಚೆನ್ನಾಗಿಯೇ ಮಾಡುತ್ತಾರೆ.

ವಾರ ಕಾಯುವ ಧೈರ್ಯ ನನಗಿಲ್ಲ. ಮಗು ಮೂರು ದಿನ ಬಾರದಿದ್ದರೆ ಬೈಕು ಹತ್ತಿಬಿಡುತ್ತೇನೆ. ಈ ಮಳೆಗಾಲದಲ್ಲಿ ಹಾಗೆ ಒಂದನೆಯ ತರಗತಿಯ ಹುಡುಗಿಯೊಬ್ಬಳ ಮನೆಗೆ ಹೋದೆ. ಅಂಗಳದಲ್ಲಿ ಅವಳ ತಾಯಿ ಗೋವಿನಜೋಳದ ತೆನೆ ಬಿಡಿಸುತ್ತ ಕೂತಿದ್ದಳು. "ಜ್ವರಾರೀ ಸರ, ನಾಳೆ ಕಳಸ್ತೇನಿ," ಎಂದಳು, ತಲೆ ಎತ್ತದೆ.

ದನಿ ದಪ್ಪವಾಗಿತ್ತು. ಒಳಗಿನ ಎಳೆ ಮಾತ್ರ ಅದೇ.

ಅವಳು ಮುಖ ಎತ್ತಿದಳು. "ಅಯ್ಯ, ನೀನಾ? ಎಮ್ಮಿ ಕೆಮ್ಮು ತೆಗೀತಿದ್ದಾಂವ ಸರ್ ಆಗೀಯಾ? ಪಾಪ ಹುಡುಗರು!"

ನಗು ಬರಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ: ಹನ್ನೊಂದು ದಿನ, ಆ "ತಿಳೀತ್ರೀ", ಸರ್ ಪೆನ್ನು ಎತ್ತಿ ಕಾದದ್ದು. ಕೊನೆಗೆ, "ಮಾಫಿ ಮಾಡವಾ," ಎಂದೆ. ಅದು ನನ್ನದೇ ದನಿ. ನನಗೇ ಗುರುತು ಹತ್ತಲಿಲ್ಲ.

ಅವಳು ತೆನೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ಮಗಳ ಪಾಟಿ, ಬಳಪ ತಂದು ನನ್ನ ಕೈಯಲ್ಲಿಟ್ಟಳು.

"ಮಾಫಿ ಇಟ್ಕೊಂಡು ನಾ ಏನ್ ಮಾಡ್ಲಿ? ಭಿನ್ನರಾಶಿ ಭಾಗಿಸೂವಾಗ ಎರಡನೇದನ್ನ ತಲಿಕೆಳಗ ಯಾಕ ಮಾಡ್ತಾರ ಅನ್ನೂದನ್ನ ನಾಳೆ ಹೇಳ್ತೇನಿ ಅಂದಿದ್ರು ಸರ್. ಆ ನಾಳೆ ನಾ ಇರಲಿಲ್ಲ, ನೀ ಇದ್ದಿ. ಕುಂತು ಹೇಳು."