ಖೋಲಿಯ ಮಾತಿಗೆ ರೊಟ್ಟಿಯ ಉತ್ತರ

ದುಡ್ಡಿನ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮವ್ವ ಅಂಬಾಬಾಯಿ ಮಕ್ಕಳಿಗೆ ಹಸಿವಾಗಿದೆ ಎಂದು ತಾನೇ ತೀರ್ಮಾನಿಸುತ್ತಾಳೆ. ಜೋಳದ ಹಿಟ್ಟಿನ ಡಬ್ಬಿ ತೆಗೆದು ರೊಟ್ಟಿ ಬಡಿಯಲು ಕೂತಳೆಂದರೆ, ಆ ಸಪ್ಪಳದಲ್ಲಿ ನಮ್ಮಣ್ಣ ಮಹೇಶಕುಮಾರ ಎಷ್ಟು ಬಾಯಿ ಬಡಿದುಕೊಂಡರೂ ಕೇಳಿಸುವುದಿಲ್ಲ. ಎರಡು ವರ್ಷದಿಂದ ಇದೇ ನಡೆದಿದೆ. ಮಾತು ಮುಗಿದಿಲ್ಲ, ಜೋಳ ಮಾತ್ರ ಚೀಲಗಟ್ಟಲೆ ಮುಗಿದಿದೆ.

ಆಳಂದದ ಕಡೆಯಿಂದ ಬಂದು, ಪುಣೆಯಲ್ಲಿ ಇಪ್ಪತ್ತೆರಡು ವರ್ಷ ಊರವರ ಕಟ್ಟಡಗಳಿಗೆ ಇಟ್ಟಿಗೆ ಹೊತ್ತು, ಅವ್ವ ಚಿಂಚವಾಡದಲ್ಲಿ ಒಂದು ಖೋಲಿ ತಗೊಂಡಳು. ಒಂದೇ ಕೋಣೆ, ಆದರೆ ಅವಳ ಹೆಸರಿನಲ್ಲಿದೆ. ಅದನ್ನು ಮಾರಿ, ವಿಮಾನ ನಗರದ ತನ್ನ ಫ್ಲ್ಯಾಟಿನ ಸಾಲ ತೀರಿಸಿ, ಅವ್ವನನ್ನು ಅಲ್ಲಿ ಇಟ್ಟುಕೊಳ್ಳಬೇಕೆಂದು ಅಣ್ಣನ ಆಸೆ. ಎಲ್ಲ ಅವಳ ಒಳ್ಳೆಯದಕ್ಕೇ ಅನ್ನುತ್ತಾನೆ. ಈ ಒಳ್ಳೆಯದು ಅವನಿಗೆ ನೆನಪಾಗುವುದು ಕಂತಿನ ತಾರೀಕು ಹತ್ತಿರ ಬಂದಾಗ. ನಾನು ಮಧ್ಯಸ್ಥಿಕೆಗೆಂದು ಜೊತೆಗೆ ಹೋಗುತ್ತೇನೆ. ಸುಳ್ಳೇಕೆ, ಪಾಲಿನ ಆಸೆ ನನಗೂ ಇದೆ.

ಹೋದ ಭಾನುವಾರ ಅಣ್ಣ ಭಾರೀ ಬುದ್ಧಿವಂತನಾದ. ಅವ್ವ ನೀರು ತರಲು ಹೊರಗೆ ಹೋದಾಗ ಹಿಟ್ಟಿನ ಡಬ್ಬಿಯನ್ನು ಮಂಚದ ಕೆಳಗೆ ಬಚ್ಚಿಟ್ಟ. ಮಗ ಎಂಜಿನಿಯರ್ ಆದದ್ದು ಇದಕ್ಕೇ ಇರಬೇಕು. ಅವ್ವ ಬಂದಳು, ಅಣ್ಣ ಹರಡಿಟ್ಟಿದ್ದ ಮಾರಾಟದ ಕಾಗದಪತ್ರ ನೋಡಿದಳು, ಡಬ್ಬಿ ಹುಡುಕಿದಳು, ನಮ್ಮಿಬ್ಬರ ಮುಖ ನೋಡಿದಳು. ಸುಮ್ಮನೆ ಕೂತು ಅವನ ಮಾತನ್ನೆಲ್ಲ ಕೇಳಿಸಿಕೊಂಡಳು. ಸಹಿ ಎಲ್ಲಿ ಮಾಡಬೇಕೆಂದು ಅವನು ಬೆರಳಿಟ್ಟು ತೋರಿಸಿದ.

“ದೀಪಾವಳಿಗೆ ನಿನ್ನ ಮನಿಗೆ ಬಂದಿದ್ದೆ,” ಅಂದಳು ಅವ್ವ. “ಎರಡನೇ ದಿನಾನೇ, ಕೆಳಗಿನ ಮನಿಯವರಿಗೆ ಸಪ್ಪಳ ಆಗ್ತದ, ರೊಟ್ಟಿ ಬಡೀಬ್ಯಾಡ, ಅಂಗಡಿಯಿಂದ ತರ್ತೀನಿ ಅಂದಿ. ಈ ಖೋಲಿ ಇತ್ತು, ಇಲ್ಲಿಗೆ ಬಂದು ಬಡದೆ. ಇದನ್ನ ಮಾರಿದ ಮ್ಯಾಲ ಸಪ್ಪಳ ಮಾಡಬ್ಯಾಡ ಅಂದ್ರ ನಾ ಎಲ್ಲಿಗೆ ಹೋಗ್ಲಿ, ಮಹೇಶಾ?”

ಅಣ್ಣ ಕಾಗದ ಮಡಚಿದ. ನನಗೆ ನಾಚಿಕೆಯಾಯಿತು, ಅವನಿಗೂ ಆಗಿರಬೇಕು, ಯಾಕೆಂದರೆ ತಾನೇ ಮಂಚದ ಕೆಳಗೆ ತೂರಿ ಡಬ್ಬಿ ಹೊರಗೆಳೆದ. ಅವ್ವ ಏನೂ ಆಗಿಲ್ಲವೆಂಬಂತೆ ಹಿಟ್ಟು ನಾದಿದಳು.

ಸಂಜೆ ಹೊರಡುವಾಗ ಆಸ್ತಿ ಪಾಲಾಯಿತು. ಅವನಿಗೆ ಎಂಟು ರೊಟ್ಟಿ, ನನಗೆ ಆರು.