ಬಟ್ಟೆಯ ಚೂರು ಹಿಡಿದು ಖರೀದಿಸಿದ ಮಾನಿಟರ್

ನನ್ನ ಸೋದರಮಾವನದು ಫೋಟೋ ಸ್ಟುಡಿಯೋ. ನೆಂಟರಿಷ್ಟರಿಗೆಲ್ಲ ಅವರು ಫೋಟೋಮಾವ. ಅಂಗಡಿ ಎಂದರೆ ಒಂದೂವರೆ ಕೋಣೆ: ಕೂರಿಸಲು ಸ್ಟೂಲು, ಹಿಂದೆ ನೀಲಿ ಪರದೆ, ಮೂಲೆಯಲ್ಲಿ ಕಂಪ್ಯೂಟರ್. ಅದರ ಮಾನಿಟರ್ ವಯಸ್ಸಾಗಿ ಮಂಕಾಗಿತ್ತು. ಮಾವನ ಕಣ್ಣೂ ಆ ಮಂಕಿಗೇ ಒಗ್ಗಿತ್ತು. ಯಾರ ಮುಖ ಬರಲಿ, ಮಾವನ ಕೈ ತಾನಾಗಿಯೇ ಅದನ್ನು ಬೆಳ್ಳಗೆ ಮಾಡುತ್ತಿತ್ತು. ಗಿರಾಕಿಗಳೂ ಬೇಡ ಎಂದವರಲ್ಲ.

ಎದುರುಮನೆಯ ಟೈಲರಣ್ಣ ತೀರಿಹೋದ ಹೆಂಡತಿಯ ಫೋಟೋ ದೊಡ್ಡದು ಮಾಡಲು ಕೊಟ್ಟಿದ್ದರು. ಇದ್ದದ್ದು ಅದೊಂದೇ, ಅದೂ ಮಾಸಿದ್ದು. ಜೊತೆಗೆ ಒಂದು ಬಟ್ಟೆಯ ಚೂರು.

"ಅವಳ ರವಿಕೆ ಹೊಲಿದು ಉಳಿದದ್ದು. ಇದೇ ಬಣ್ಣ ಬರ್ಬೇಕು. ಬರ್ದಿದ್ರೆ ನಾನು ಗೋಡೆಗೆ ಹಾಕಲ್ಲ," ಎಂದಿದ್ದರು.

ಕೆಲಸ ಅರ್ಧವಾಗಿದ್ದಾಗ ಮಾನಿಟರ್ ಕಣ್ಣು ಮುಚ್ಚಿತು.

"ಓದಿದವಳು ನೀನು, ಬಾ," ಎಂದು ಮಾವ ಹೊಸದು ಕೊಳ್ಳಲು ನನ್ನನ್ನು ಕಂಪ್ಯೂಟರ್ ಅಂಗಡಿಗೆ ಕರೆದೊಯ್ದರು. ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಮಾನಿಟರೂ ಅದರಲ್ಲೇ ಬಂತು ಎಂಬುದು ಅವರ ಲೆಕ್ಕ. ನಾನು ಓದಿದ್ದು ಇತಿಹಾಸ.

ಸಾಲಾಗಿಟ್ಟ ಮಾನಿಟರುಗಳಲ್ಲಿ ಮಾವ ಅರ್ಧ ತಿದ್ದಿದ್ದ ಅದೇ ಫೋಟೋ ಹಾಕಿಸಿದೆವು. ಒಂದರಲ್ಲಿ ರವಿಕೆ ಹಸಿರು, ಪಕ್ಕದ್ದರಲ್ಲಿ ನೀಲಿ, ಅದರಾಚೆ ಬೂದು.

"ಇದ್ರಲ್ಲಿ ಬಣ್ಣ ಎದ್ದು ಬರುತ್ತೆ ನೋಡಿ, ಸಾರ್," ಎಂದ ಅಂಗಡಿಯವನು.

"ಎದ್ದು ಬರೋದು ಬೇಡಪ್ಪ. ಇದ್ದಂಗೆ ಬಂದ್ರೆ ಸಾಕು."

ಮಾವ ಎತ್ತರ, ನಾನು ಕುಳ್ಳಿ. ಅವರಿಗೆ ಹಸಿರಾಗಿ ಕಂಡದ್ದು ನನಗೆ ನೀಲಿ. ಬಗ್ಗಿ ನೋಡಿದೆ, ಓರೆಯಾಗಿ ನೋಡಿದೆ, ಒಂದೂ ಬಗೆಹರಿಯಲಿಲ್ಲ. ಕೊನೆಗೆ ಮಾವ ಚೂರನ್ನು ಬಿಸಿಲಿಗೆ ಒಯ್ದರು. ಅಲ್ಲಿ ಅದರ ಬಣ್ಣವೇ ಬೇರೆ.

"ಇದೂ ಊಸರವಳ್ಳಿನೇ ಆಯ್ತಲ್ಲೇ."

"ಹಂಗಾದ್ರೆ ಬಟ್ಟೆ ಅಂಗಡೀಲೇ ವಿಚಾರಿಸಿ," ಎಂದು ಅಂಗಡಿಯವನು ನಕ್ಕ.

ಫೋಟೋ ಎಲ್ಲಿ ತೂಗುತ್ತದೋ ಅಲ್ಲಿನ ಬೆಳಕಿನಲ್ಲೇ ನೋಡಬೇಕು ಎಂದು ಮಾವ ಹಟ ಹಿಡಿದರು. ಎಲ್ಲಿಂದ ನೋಡಿದರೂ ಹೆಚ್ಚು ಬದಲಾಗದ ಒಂದನ್ನು, ಹಿಡಿಸದಿದ್ದರೆ ವಾಪಸ್ ಎಂಬ ಮಾತಿನ ಮೇಲೆ ಕೊಂಡು, ಕಂಪ್ಯೂಟರ್ ಸಮೇತ ಟೈಲರಣ್ಣನ ಮನೆಗೇ ಹೊತ್ತು ತಂದೆವು. ಟೈಲರಣ್ಣ ಹೊಲಿಗೆ ಮೆಷೀನು ಸರಿಸಿ ಜಾಗ ಮಾಡಿದರು. ಮಾವ ಚೂರನ್ನು ಮಾನಿಟರಿನ ಪರದೆಗೆ ಹಿಡಿದು ತಿದ್ದುತ್ತ ಹೋದರು. ಕೊನೆಗೆ ಎರಡೂ ಒಂದಾದವು.

ಟೈಲರಣ್ಣ ಹತ್ತಿರ ಬಂದು ನೋಡಿದರು.

"ರವಿಕೆ ಅವಳದೇ. ಹಾಕ್ಕೊಂಡಿರೋರು ಯಾರು?"

ಮಾವ ಮುಖಕ್ಕೆ ಹಚ್ಚಿದ್ದ, ಹಳೆಯ ಮಂಕಿನಲ್ಲಿ ಕಾಣದ ಬಿಳುಪು ಇದರಲ್ಲಿ ಸುಣ್ಣ ಬಳಿದಂತಿತ್ತು. ಅಂಗಡಿಯಲ್ಲಿ ಅಷ್ಟು ಹೊತ್ತು ನಿಂತಿದ್ದರೂ ನಾವಿಬ್ಬರೂ ಮುಖವನ್ನು ನೋಡಿರಲೇ ಇಲ್ಲ. ಮಾವ ತಲೆ ತಗ್ಗಿಸಿ ಬಿಳುಪು ತೆಗೆದರು. ಆದರೆ ಮೂಲ ಫೋಟೋವೇ ಮಾಸಿದ್ದು. ಮುಖದ ಬಣ್ಣ ಹೋಲಿಸಲು ಚೂರು ಎಲ್ಲಿಂದ ತರುವುದು?

"ಮಗಾ, ಬಾ ಇಲ್ಲಿ. ಅಮ್ಮನ ಬಣ್ಣ ನಿಂಗೇ ಬಂದಿರೋದು," ಎಂದು ಟೈಲರಣ್ಣ ಮಗಳನ್ನು ಕರೆದರು. ಅವಳು ಒದ್ದೆ ಕೈ ಒರೆಸಿಕೊಂಡು ಬಂದು ಪರದೆಯ ಪಕ್ಕ ಚಾಚಿದಳು. ಮಾವ ಮೆಲ್ಲಗೆ ಬಣ್ಣ ಇಳಿಸಿದರು.

"ಇನ್ನೂ ಸ್ವಲ್ಪ," ಎಂದರು ಟೈಲರಣ್ಣ.

"ಸಾಕಪ್ಪಾ. ಅಮ್ಮ ಇಷ್ಟು ಕಪ್ಪಿರ್ಲಿಲ್ಲ."

"ಇದ್ಳು. ನಿನಗೆ ಬುದ್ಧಿ ಬರೋ ಹೊತ್ತಿಗೆ ಕಾಯಿಲೆ ಬಿದ್ದು ಬಿಳಿಚ್ಕೊಂಡಿದ್ಳು."

ಮಾವನ ಕೈ ನಿಂತಿತು. ಯಾರ ಮಾತು ಕೇಳಲಿ ಎಂಬಂತೆ ನನ್ನ ಮುಖ ನೋಡಿದರು. ನನಗೇನು ಗೊತ್ತು?

ಮಗಳು ತನ್ನ ಕೈಯನ್ನೊಮ್ಮೆ ನೋಡಿಕೊಂಡಳು. "ಅಪ್ಪ ಹೇಳಿದಂಗೇ ಮಾಡಿ," ಎಂದಳು.

ಫೋಟೋ ಗೋಡೆ ಏರಿತು. ಮಾನಿಟರ್ ವಾಪಸ್ ಹೋಗಲಿಲ್ಲ. ಅದು ಒಳ್ಳೆಯದೋ ಅಲ್ಲವೋ ಮಾವನಿಗೆ ಈಗಲೂ ಗೊತ್ತಿಲ್ಲ. ಈಗ ಫೋಟೋದಲ್ಲಿ ಮುಖದ ಬಣ್ಣ ಮುಟ್ಟುವ ಮೊದಲು, "ಇದ್ದಂಗೇ ಇರ್ಲಾ?" ಎಂದು ಕೇಳುತ್ತಾರೆ. ಗಿರಾಕಿಗಳು ತಬ್ಬಿಬ್ಬಾಗಿ ಸ್ಟುಡಿಯೋ ಗೋಡೆಯ ಕನ್ನಡಿಯ ಕಡೆ ತಿರುಗುತ್ತಾರೆ.