ರಿಜಿಸ್ಟರಿನಲ್ಲಿ ನಾನು ಸೇರಿಸಿದ ಒಂದು ವರ್ಷ

ಅಜ್ಜಂಪುರದ ಶಾಲೆಯ ಕಬ್ಬಿಣದ ಬೀರು ಕಿರ್ರೆಂದು ತೆರೆದುಕೊಂಡ ಆ ಸದ್ದು ಇನ್ನೂ ಕಿವಿಯಲ್ಲಿದೆ. ನಮ್ಮ ಪಂಚಾಯ್ತಿ ಅಧ್ಯಕ್ಷ ಚುನಾವಣೆಗೆ ನಿಂತಾಗ ಅವನಿಗೆ ಇಪ್ಪತ್ತೊಂದು ತುಂಬಿರಲಿಲ್ಲ ಎಂದು, ಸೋತವರು ಆರ್‌ಟಿಐ ಹಾಕಿ ಅವನ ಅಡ್ಮಿಷನ್ ರಿಜಿಸ್ಟರ್ ನೋಡಲು ಬಂದಿದ್ದರು. ಅಧ್ಯಕ್ಷನನ್ನೂ, ಹಿಂದೆ ಅಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದ ನನ್ನನ್ನೂ ಕರೆಸಿದ್ದರು.

ರಿಜಿಸ್ಟರಿನ ಪ್ರಕಾರ ವಯಸ್ಸು ಸರಿಯಾಗಿತ್ತು. ಆದರೆ ಬರೆದವಳು ನಾನು. ಬಲಗೈ ತಲೆಯ ಮೇಲಿಂದ ಹೋಗಿ ಎಡಗಿವಿ ಮುಟ್ಟಿದರೆ ಮಗುವಿಗೆ ಶಾಲೆಯ ವಯಸ್ಸಾಯಿತೆಂದು ನಮ್ಮ ಲೆಕ್ಕ. ಸೇರಿಸಲು ಕರೆತಂದ ದಿನ ಅವನ ಕೈ ಕಿವಿ ಮುಟ್ಟಲೇ ಇಲ್ಲ. ಕೂಲಿಗೆ ಹೋಗುವ ತಾಯಿ ಬೇಡಿಕೊಂಡಳೆಂದು ವಯಸ್ಸಿಗೆ ಒಂದು ವರ್ಷ ಸೇರಿಸಿ, ಹುಟ್ಟಿದ ದಿನ ಜೂನ್ ಒಂದು ಎಂದು ಬರೆದುಬಿಟ್ಟಿದ್ದೆ.

“ಮೇಡಂ, ಈ ಡೇಟು ನಿಜನಾ? ಹೇಳ್ಬಿಡಿ ಅತ್ಲಾಗೆ,” ಎಂದರು ಸೋತವರು.

ಹೌದು ಎಂದರೆ ಅವನ ಕುರ್ಚಿ ಉಳಿಯುತ್ತಿತ್ತು. ಅವನು ನನ್ನನ್ನೇ ನೋಡುತ್ತಿದ್ದ. ಕಾನ್ವೆಂಟಿನ ಸಿಸ್ಟರ್ ಮುಂದೆ ತಪ್ಪೊಪ್ಪಿಕೊಳ್ಳುವ ಹುಡುಗಿಯ ಹಾಗೆ ಕೈಕಟ್ಟಿ ನಿಂತೆ.

“ಇಲ್ಲ. ಅದು ನನ್ನ ಮಿಸ್ಟೇಕ್.”

“ಏನ್ ಮಿಸ್, ಹತ್ಸಿದೋರೂ ನೀವೇ, ಇಳ್ಸಿದೋರೂ ನೀವೇನಾ!” ಎಂದು ಅವನು ನಕ್ಕ. ನಗು ತುಟಿ ದಾಟಲಿಲ್ಲ.

ಗೇಟಿನ ಬಳಿ ಒಮ್ಮೆ ತಿರುಗಿ, ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿ ತೋರಿಸಿದ. ನಾನು ಅವನನ್ನು ನೋಡಿದ್ದು ಅದೇ ಕೊನೆ.